ಸಹಾಯ ಬೇಕು: ಪೈಥಾನ್ ಕೋಡ್‌ನಿಂದ ಸರಿಯಾದ ಮೈಕ್ ಆರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಾವು ಕೆಲವರು ಸೇರಿ, ಕಣ್ಣು ಕಾಣದ ಮಕ್ಕಳಿಗಾಗಿ ಪಾಠಗಳನ್ನು ಓದಿ ರೆಕಾರ್ಡ್ ಮಾಡುತ್ತಿದ್ದೇವೆ. ವಿಂಡೋಸ್ 11 ಲ್ಯಾಪ್‌ಟಾಪ್, ಜೊತೆಗೆ ಯುಎಸ್‌ಬಿ ಮೈಕ್. ಆನ್‌ಲೈನ್ ಮೀಟಿಂಗ್ ಆದ ಮೇಲೆ ಮೈಕ್ ಲೆವೆಲ್ ತಾನೇ ಇಳಿದಿರುತ್ತದೆ. ಓದುವವರಲ್ಲಿ ವಯಸ್ಸಾದವರೇ ಜಾಸ್ತಿ. ಪ್ರತಿ ಸಲ ಸೆಟ್ಟಿಂಗ್ಸ್ ತೆರೆದು ಸರಿ ಮಾಡಿಕೊಳ್ಳಿ ಎಂದು ಅವರಿಗೆ ಹೇಳಲು ಮನಸ್ಸಾಗುವುದಿಲ್ಲ. ಅದು ಕೋಡ್‌ನಿಂದಲೇ ಆಗಬೇಕು.

ವಿಂಡೋಸ್‌ನ ಧ್ವನಿ ಮಟ್ಟವನ್ನು ಪೈಥಾನ್‌ನಿಂದ ಬದಲಿಸಲು ಬಳಸುವ ಪೈಕಾವ್ (pycaw) ಲೈಬ್ರರಿಯ ಗೆಟ್‌ಮೈಕ್ರೋಫೋನ್ ಬಳಸಿ, ಸೆಟ್‌ಮಾಸ್ಟರ್‌ವಾಲ್ಯೂಮ್‌ಲೆವೆಲ್‌ಸ್ಕೇಲಾರ್‌ಗೆ 0.8 ಕೊಟ್ಟರೆ ಲೆವೆಲ್ 80ಕ್ಕೆ ಬರುತ್ತದೆ. ಆದರೆ ಅದು ಡೀಫಾಲ್ಟ್ ಮೈಕ್‌ಗೆ (ಬೇರೆ ಹೇಳದಿದ್ದರೆ ವಿಂಡೋಸ್ ಬಳಸುವ ಮೈಕ್‌ಗೆ) ಮಾತ್ರ, ಅಲ್ವಾ? ಒಮ್ಮೊಮ್ಮೆ ಲ್ಯಾಪ್‌ಟಾಪಿನ ಒಳಗಿನ ಮೈಕೇ ಡೀಫಾಲ್ಟ್ ಆಗಿಬಿಡುತ್ತದೆ. ಡೀಫಾಲ್ಟ್ ಬದಲಿಸಲು ವಿಂಡೋಸ್‌ನಲ್ಲಿ ಅಧಿಕೃತ ಎಪಿಐ (ಕೋಡ್‌ನಿಂದ ಕರೆಯಬಹುದಾದ ವ್ಯವಸ್ಥೆ) ಇಲ್ಲ. ಹಾಗಾಗಿ ಹೆಸರು ನೋಡಿ ಯುಎಸ್‌ಬಿ ಮೈಕನ್ನೇ ಹಿಡಿಯುವ ಕೋಡ್ ಯಾರಾದರೂ ಬರೆದಿದ್ದೀರಾ? ಮೈಸೂರಿನವರಾದರೆ ನಾನೇ ಲ್ಯಾಪ್‌ಟಾಪ್ ತಂದು ತೋರಿಸುತ್ತೇನೆ.