ಕಿಡ್ನಿ ಕಸಿ ಆದಮೇಲೆ ಸಿಎಂವಿ (ಸೈಟೊಮೆಗಾಲೊ ವೈರಸ್ ಸೋಂಕು) ಬಂದವರು ದಯವಿಟ್ಟು ಹೇಳಿ

ಗೌರಿಬಿದನೂರಿಂದ: ತಮ್ಮನಿಗೆ ಕಸಿ ಆಗಿ ಐದು ತಿಂಗಳು, ಅಮ್ಮ ಕೊಟ್ಟ ಕಿಡ್ನಿ. ವಾರದಿಂದ ಜ್ವರ, ಭೇದಿ. ರಕ್ತದಲ್ಲಿ ಸಿಎಂವಿ ಬಂದಿದೆ. ಹೊಸ ಕಿಡ್ನಿನ ಮೈ ತಿರಸ್ಕರಿಸದೆ ಇರಲಿ ಅಂತ ಕೊಡೋ ಮೈಕೋಫೆನೊಲೇಟ್ ಅರ್ಧಕ್ಕೆ ಇಳಿಸಿದ್ದಾರೆ. ಕಿಡ್ನಿಗೆ ಏನೂ ಆಗಲ್ವಾ?

ತಿಪಟೂರು: ನಮ್ಮ ಯಜಮಾನರಿಗೆ ಏಳನೇ ತಿಂಗಳಲ್ಲಿ ಬಂತು. ವೈರಸ್ ತಡೆಯೋ ಮಾತ್ರೆ ವಾಲ್‌ಗ್ಯಾನ್‌ಸಿಕ್ಲೊವಿರ್ 450 ಎಂಜಿ, ಬೆಳಿಗ್ಗೆ ಎರಡು, ರಾತ್ರಿ ಎರಡು. ಒಂದು ಮಾತ್ರೆ 240 ರೂಪಾಯಿ. 21 ದಿನಕ್ಕೆ 20,160, ಬಿಲ್ಲು ಇನ್ನೂ ಬೀರುವಲ್ಲಿದೆ. ಅಷ್ಟರಲ್ಲಿ ಬಿಳಿ ರಕ್ತಕಣ 1,800ಕ್ಕೆ ಇಳೀತು, ಅದೂ ಆ ಮಾತ್ರೆಯಿಂದಲೇ. ಏರಿಸೋಕೆ ಹೊಟ್ಟೆಗೆ ಮೂರು ಇಂಜೆಕ್ಷನ್. ಆ ವರ್ಷದ ಕೊಬ್ಬರಿ ದುಡ್ಡೆಲ್ಲ ಅಲ್ಲಿಗೇ ಹೋಯ್ತು.

ಕೋಲಾರ: ಡೋಸ್ ಇಳಿಸಿದ್ದಕ್ಕೇ ನಾನು ಕಿಡ್ನಿ ಕಳ್ಕೊಂಡಿದ್ದು. 1.3 ಇದ್ದ ಕ್ರಿಯಾಟಿನಿನ್ (ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರೋ ಅಂಶ) ಆರು ವಾರಕ್ಕೆ 3.8. ಬಯಾಪ್ಸಿಯಲ್ಲಿ ರಿಜೆಕ್ಷನ್, ಅಂದ್ರೆ ಮೈಯೇ ಕಿಡ್ನಿನ ತಿರಸ್ಕರಿಸಿತ್ತು. ನನ್ನ ಹೆಂಡತಿ ಕೊಟ್ಟ ಕಿಡ್ನಿ ಅದು. ಈಗ ವಾರಕ್ಕೆ ಮೂರು ಡಯಾಲಿಸಿಸ್. ಇಳಿಸೋಕೆ ಒಪ್ಪಬೇಡಿ.

ಚಿಂತಾಮಣಿ: ಗೌರಿಬಿದನೂರಿನ ಆ ಹುಡುಗಿನ ಹೆದರಿಸಬೇಡಿ ಸಾರ್. ಸಿಎಂವಿ ಒಂದ್ಸಲ ಮೈ ಸೇರಿದರೆ ಸಾಯೋವರೆಗೂ ಒಳಗೇ ಇರುತ್ತೆ. ಅದನ್ನ ಅದುಮಿ ಹಿಡಿಯೋದು ಟಿ ಕಣಗಳು, ಬಿಳಿ ರಕ್ತಕಣಗಳಲ್ಲೇ ಒಂದು ಬಗೆ. ಕಿಡ್ನಿ ಉಳಿಸೋ ಔಷಧಿಗಳೇ ಆ ಕಣಗಳ ಕೈ ಕಟ್ಟಿಹಾಕಿರ್ತವೆ. ಮಾತ್ರೆ ವೈರಸ್ ಹೆಚ್ಚೋದನ್ನ ತಡೆಯುತ್ತೆ ಅಷ್ಟೇ, ಆಮೇಲೆ ಕಾವಲಿಗೆ ಆ ಕಣಗಳೇ ಬರಬೇಕು. ನನಗೆ ಮೊದಲ ಸಲ ಡೋಸ್ ಇಳಿಸದೆ ಬರೀ ಮಾತ್ರೆ ಕೊಟ್ಟರು. ನಿಲ್ಲಿಸಿದ ಎರಡೇ ತಿಂಗಳಿಗೆ ತಿರುಗಿ ಬಂತು. ಎರಡನೇ ಸಲ ಇಳಿಸಿದರು. ನಾಲ್ಕು ವರ್ಷ ಆಯ್ತು, ಕ್ರಿಯಾಟಿನಿನ್ 1.4.

ಕೋಲಾರ: ನಿಮಗೆ ಒಗ್ಗಿತು, ಪಾಠ ಹೇಳ್ತೀರಿ. ವಾರಕ್ಕೆ ಮೂರು ಸಲ ಆ ದಪ್ಪ ಸೂಜಿ ಚುಚ್ಚಿಸ್ಕೊಂಡು ಮಾತಾಡಿ.

ಚಿಂತಾಮಣಿ: ನಾನೂ ಕಸಿಗೆ ಮುಂಚೆ ಎರಡು ವರ್ಷ ಚುಚ್ಚಿಸ್ಕೊಂಡೋನೇ.

ಕುಣಿಗಲ್: ನಮ್ಮ ಭಾವನಿಗೆ ಕಣ ಏರಲಿ ಅಂತ ಅಮೃತಬಳ್ಳಿ ಕಷಾಯ ಕೊಟ್ವಿ. ಜ್ವರ ನಿಂತೇಹೋಯ್ತು.

ತಿಪಟೂರು: ಅಯ್ಯೋ, ಇದನ್ನ ಮೊದಲು ಅಳಿಸಿ! ಕಸಿ ಆದವರಿಗೆ ಅಮೃತಬಳ್ಳಿಯಾ? ಕಣಗಳನ್ನ ಕೆರಳಿಸಿದರೆ ಅವು ಕಿಡ್ನಿ ಮೇಲೇ ಬೀಳ್ತವೆ ಕಣ್ರೀ.

ಕುಣಿಗಲ್: ನಮ್ಮ ಹಿತ್ತಲ ಬಳ್ಳಿ, ಅಜ್ಜಿ ಕಾಲದಿಂದ ಕುಡೀತಿದ್ದೀವಿ. ನಿಮ್ಮ 20,160 ಔಷಧಿಯಿಂದ ಕಣ ಇಳೀತು ಅಂತ ನೀವೇ ಬರೆದಿದ್ದೀರಿ.

ತಿಪಟೂರು: ನಿಮ್ಮಜ್ಜಿಗೆ ಬೇರೆಯವರ ಕಿಡ್ನಿ ಹಾಕಿರಲಿಲ್ಲ. ಭಾವನ ಕ್ರಿಯಾಟಿನಿನ್ ಎಷ್ಟಾಯ್ತು, ಅದನ್ನ ಹೇಳಿ.

ಕುಣಿಗಲ್: 1.9. ಅದು ನೀರು ಕಮ್ಮಿ ಕುಡಿದಿದ್ದಕ್ಕೆ.

ಗೌರಿಬಿದನೂರಿಂದ: ಕೋಲಾರದ ಅಣ್ಣ, ಡೋಸ್ ಇಳಿಸಿದ ಮೇಲೆ ಎಷ್ಟು ದಿನಕ್ಕೊಂದ್ಸಲ ನಿಮ್ಮ ರಕ್ತ ನೋಡ್ತಿದ್ರು?

ಕೋಲಾರ: ನೋಡಲಿಲ್ಲಮ್ಮ. ಆರು ವಾರ ಬಿಟ್ಟು ಬನ್ನಿ ಅಂದಿದ್ರು. ಉಚ್ಚೆ ಕಮ್ಮಿ ಆಗಿದ್ದು ಮೂರನೇ ವಾರದಲ್ಲೇ ಗೊತ್ತಾಗಿತ್ತು, ನಾನೂ ಹೋಗಲಿಲ್ಲ.