ವಚನ ಗಾಯನದ ಮಿಕ್ಸ್ ಮಂಕು, ಜೊತೆಗೆ ಹಿಸ್: ಯಾವ ಅನಲಾಗ್ ಎಮ್ಯುಲೇಶನ್ ಲೈಬ್ರರಿ ತಗೊಳ್ಳೋದು?

ಪ್ರಶ್ನೆ (ದಾವಣಗೆರೆ)

ವಚನ ಗಾಯನದ ಆಲ್ಬಮ್ ಮಿಕ್ಸ್ ನಡೆಯುತ್ತಿದೆ. ಒಟ್ಟು 28 ಟ್ರ್ಯಾಕ್: ಮುಖ್ಯ ಗಾಯನ, ಸಹಗಾಯನ, ಎರಡು ಮೈಕಿನಲ್ಲಿ ಹಾರ್ಮೋನಿಯಂ, ತಬಲಾ, ಡೊಳ್ಳು, ಉರುಮೆ, ಕಂಚಿನ ತಾಳ, ಶ್ರುತಿಪೆಟ್ಟಿಗೆ, ಉಳಿದದ್ದು ಕೀಬೋರ್ಡ್. ರೀಪರ್ (ರೆಕಾರ್ಡಿಂಗ್ ಸಾಫ್ಟ್‌ವೇರ್), 48 ಕಿಲೋಹರ್ಟ್ಜ್, 24 ಬಿಟ್. ನಾಲ್ಕು ಕೋರಿನ ಲ್ಯಾಪ್‌ಟಾಪ್, 16 ಜಿಬಿ ರ್ಯಾಮ್. ರೆಕಾರ್ಡಿಂಗ್ ಪೀಕ್‌ಗಳು −3 ಡಿಬಿಎಫ್‌ಎಸ್ (ಡಿಜಿಟಲ್ ಗರಿಷ್ಠ ಮಟ್ಟವನ್ನು 0 ಎಂದು ಹಿಡಿದ ಅಳತೆ) ಹತ್ತಿರ ಇವೆ.

ಪ್ರತಿ ಟ್ರ್ಯಾಕಿಗೂ ಕನ್ಸೋಲ್ ಎಮ್ಯುಲೇಶನ್ (ಅನಲಾಗ್ ಮಿಕ್ಸರಿನ ದನಿಯನ್ನು ಅನುಕರಿಸುವ ಪ್ಲಗಿನ್) ಇದೆ. ನಾಲ್ಕು ಗ್ರೂಪ್ ಬಸ್ಸಿಗೂ (ಹಲವು ಟ್ರ್ಯಾಕ್ ಕೂಡುವ ದಾರಿ) ಅದೇ. ಮಾಸ್ಟರಿನಲ್ಲಿ ಮತ್ತೆ ಕನ್ಸೋಲ್, ಆಮೇಲೆ ಟೇಪ್, ಆಮೇಲೆ ಬಸ್ ಕಂಪ್ರೆಸರ್.

ಇಡೀ ಮಿಕ್ಸ್ ಕಂಬಳಿ ಹೊದಿಸಿದ ಹಾಗೆ ಮಂಕಾಗಿದೆ. ಸಾಲು ಮುಗಿದು ಹಾಡು ನಿಂತ ಜಾಗದಲ್ಲಿ ಹಿಸ್ ಎದ್ದು ಕೇಳುತ್ತದೆ. ಗಾಯಕರು ಮೇಲಿನ ಸ್ವರಕ್ಕೆ ಹೋದಾಗ ಹಾರ್ಮೋನಿಯಂ ಜೊತೆ ಒಂದು ಅಪಸ್ವರದ ಗುಂಯ್‌ಕಾರ ಬರುತ್ತದೆ, ಆದರೆ ಒಂದೊಂದನ್ನೇ ಸೋಲೋ ಮಾಡಿದರೆ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಕ್ರ್ಯಾಕಲ್ ಶುರು. ಡೊಳ್ಳಿಗೆ ಪ್ಯಾರಲಲ್ ಕಂಪ್ರೆಶನ್ (ಕಂಪ್ರೆಸ್ ಮಾಡಿದ ಪ್ರತಿಯನ್ನು ಮೂಲದ ಜೊತೆ ಕೂಡಿಸುವುದು) ಕೊಟ್ಟರೆ ದನಿ ದಪ್ಪ ಆಗುವ ಬದಲು ತೆಳು ಆಗುತ್ತದೆ.

ಸರ್ಕ್ಯೂಟ್ ಮಾಡೆಲ್ ಮಾಡಿದ ಪ್ಲಗಿನ್ ತಗೊಳ್ಳಲೋ, ನೆಬ್ಯುಲಾ ಥರ ಸ್ಯಾಂಪಲ್ ಮಾಡಿದ ಲೈಬ್ರರಿ ತಗೊಳ್ಳಲೋ?

ಉತ್ತರ (ಚಿತ್ರದುರ್ಗ)

ಸದ್ಯಕ್ಕೆ ಏನೂ ತಗೋಬೇಡ್ರಿ. ಮೊದಲ ಎರಡು ತೊಂದರೆ ಲೆವೆಲ್‌ನಿಂದ ಮತ್ತು ಒಂದರ ಮೇಲೊಂದು ಪೇರಿಸಿದ್ದರಿಂದ ಬಂದಿವೆ. ಎಷ್ಟು ದುಬಾರಿ ಲೈಬ್ರರಿ ತಂದರೂ ಇದೇ ಸರಪಳಿಯಲ್ಲಿ ಅವು ಹಾಗೇ ಉಳಿತಾವೆ.

ಅನಲಾಗ್ ಉಪಕರಣಕ್ಕೆ 0 ವಿಯು (ಸರಾಸರಿ ಮಟ್ಟ ತೋರಿಸೋ ವಿಯು ಮೀಟರಿನ ಸೊನ್ನೆ) ಅಂದರೆ +4 ಡಿಬಿಯು, ಅಂದರೆ 1.228 ವೋಲ್ಟ್. ಹೆಚ್ಚಿನ ಎಮ್ಯುಲೇಶನ್‌ಗಳು ಆ 0 ವಿಯುವನ್ನು −18 ಡಿಬಿಎಫ್‌ಎಸ್‌ಗೆ ಕೂರಿಸಿರುತ್ತವೆ, ಕೆಲವು −20ಕ್ಕೆ. ಯಾವುದು ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತೆ, ನೋಡಿಕೊಳ್ರಿ. ನಿಮ್ಮ ಗಾಯನದ ಪೀಕ್ −3 ಇದ್ದರೆ ಸರಾಸರಿ −12ರ ಆಸುಪಾಸು ಇರುತ್ತೆ. ಅಂದರೆ ಮೊದಲ ಕನ್ಸೋಲಿಗೇ +6 ವಿಯು ಹೊಡೀತಾ ಇದೆ. ಅದರ ಔಟ್‌ಪುಟ್ ಗ್ರೂಪಿಗೆ, ಗ್ರೂಪಿನದ್ದು ಮಾಸ್ಟರಿಗೆ: ಮೂರು ಕಡೆ ಸ್ಯಾಚುರೇಶನ್, ಅಂದರೆ ಮಟ್ಟ ಹೆಚ್ಚಾಗಿ ದನಿಯ ಅಲೆ ಬಗ್ಗೋದು.

ಪ್ರತಿ ಟ್ರ್ಯಾಕಿನ ಮೊದಲ ಸ್ಲಾಟಿನಲ್ಲಿ ಒಂದು ಗೇನ್ ಪ್ಲಗಿನ್ ಹಾಕ್ರಿ. ರೀಪರಿನ ಜೆಎಸ್ ವಾಲ್ಯೂಮ್ ಅಡ್ಜಸ್ಟ್‌ಮೆಂಟ್ ಸಾಕು. ಅದರ ನಂತರ ವಿಯು ಮೀಟರ್. ಟಿಬಿಪ್ರೋಆಡಿಯೋದ ಎಂವಿಮೀಟರ್ 2 ಉಚಿತ, ರೆಫರೆನ್ಸ್ −18 ಇಡಿ. ಗಾಯನ, ಹಾರ್ಮೋನಿಯಂ, ಶ್ರುತಿಯಲ್ಲಿ ಮುಳ್ಳು 0ಯ ಸುತ್ತ ಆಡಲಿ. ಡೊಳ್ಳು, ತಬಲಾಕ್ಕೆ ಮುಳ್ಳನ್ನು ನಂಬಬೇಡಿ: ವಿಯು ಮುಳ್ಳು ಏರೋಕೆ 300 ಮಿಲಿಸೆಕೆಂಡ್ ತಗೊಳ್ಳುತ್ತೆ, ಅಷ್ಟರಲ್ಲಿ ಪೆಟ್ಟು ಮುಗಿದಿರುತ್ತೆ. ಅವಕ್ಕೆ ಪೀಕ್ ಮೀಟರ್ ನೋಡಿ −8ರಿಂದ −6 ಡಿಬಿಎಫ್‌ಎಸ್‌ಗೆ ನಿಲ್ಲಿಸಿ. ಫೇಡರ್ ಇಳಿಸಿದರೆ ಪ್ರಯೋಜನ ಇಲ್ಲ, ಅದು ಪ್ಲಗಿನ್ ಆದಮೇಲೆ ಬರೋದು.

ಇನ್ನು ಮಂಕು. ಕನ್ಸೋಲ್ ಎಮ್ಯುಲೇಶನ್‌ನಲ್ಲಿ ಎರಡು ಭಾಗ ಇವೆ: ಫ್ರೀಕ್ವೆನ್ಸಿ ರೆಸ್ಪಾನ್ಸ್ ಮತ್ತು ಸ್ಯಾಚುರೇಶನ್. ಫ್ರೀಕ್ವೆನ್ಸಿ ರೆಸ್ಪಾನ್ಸ್ ಲೀನಿಯರ್ ಆದ್ದರಿಂದ ಒಂದೇ ಕರ್ವನ್ನು 28 ಟ್ರ್ಯಾಕಿಗೆ ಹಾಕಿದರೂ ಒಂದೇ, ಬಸ್ಸಿನಲ್ಲಿ ಒಂದು ಸಲ ಹಾಕಿದರೂ ಒಂದೇ. ಆದರೆ ಟ್ರ್ಯಾಕ್, ಗ್ರೂಪ್, ಮಾಸ್ಟರ್ ಅಂತ ಸಾಲಾಗಿ ಇಟ್ಟಾಗ ಅದು ಕೂಡುತ್ತೆ. ಒಂದು ಹಂತದಲ್ಲಿ 60 ಹರ್ಟ್ಜ್‌ಗೆ ಅರ್ಧ ಡಿಬಿ ಏರಿ 15 ಕಿಲೋಹರ್ಟ್ಜ್‌ಗೆ ಅರ್ಧ ಡಿಬಿ ಇಳಿದರೆ, ಮೂರು ಹಂತಕ್ಕೆ ಕೆಳಗೆ ಒಂದೂವರೆ ಜಾಸ್ತಿ, ಮೇಲೆ ಒಂದೂವರೆ ಕಮ್ಮಿ. ಅದರ ಮೇಲೆ ಟೇಪ್. ಗ್ರೂಪ್ ಮತ್ತು ಮಾಸ್ಟರಿನ ಕನ್ಸೋಲ್ ತೆಗೆದುಬಿಡ್ರಿ.

ಒಂದು ಹೊರತು: ಏರ್‌ವಿಂಡೋಸ್‌ನ ಕನ್ಸೋಲ್ ಸರಣಿ ಬಳಸುತ್ತಿದ್ದರೆ ಬಸ್ಸಿನದ್ದು ತೆಗೆಯೋ ಹಾಗಿಲ್ಲ. ಅದರಲ್ಲಿ ಚಾನಲ್ ಪ್ಲಗಿನ್ ಒಂದು ಕಡೆ ಬಗ್ಗಿಸಿದ್ದನ್ನು ಬಸ್ ಪ್ಲಗಿನ್ ವಾಪಸ್ ಬಗ್ಗಿಸುತ್ತೆ, ಜೋಡಿಯಾಗೇ ಇರಬೇಕು. ಚಾನಲ್ ಪ್ಲಗಿನ್ ಟ್ರ್ಯಾಕಿನ ಕೊನೆಯಲ್ಲಿ, ಬಸ್ ಪ್ಲಗಿನ್ ಬಸ್ಸಿನ ಮೊದಲಲ್ಲಿ.

ಹಿಸ್: ಎಮ್ಯುಲೇಶನ್‌ಗಳು ಬೇಕೆಂದೇ ಗದ್ದಲ ಸೇರಿಸುತ್ತವೆ. ಒಂದೊಂದರಲ್ಲಿ −75 ಡಿಬಿಎಫ್‌ಎಸ್ ಇದೆ ಅನ್ನಿ. 28 ಬೇರೆಬೇರೆ ಗದ್ದಲ ಕೂಡಿದರೆ 14.5 ಡಿಬಿ ಏರಿ −60.5 ಆಗುತ್ತೆ. ಮಾಸ್ಟರಿಂಗ್‌ನಲ್ಲಿ 9 ಡಿಬಿ ಎತ್ತಿದರೆ −51.5. ಶ್ರುತಿಪೆಟ್ಟಿಗೆ ಮಾತ್ರ ಉಳಿಯುವ ಜಾಗದಲ್ಲಿ ಇದು ಕೇಳದೇ ಇರುತ್ತಾ? ವೇವ್ಸ್ ಕಂಪನಿಯ ಎನ್‌ಎಲ್‌ಎಸ್ ಕನ್ಸೋಲಿನಲ್ಲಿ ನಾಯ್ಸ್ ಸ್ವಿಚ್, ಬ್ರೇನ್‌ವರ್ಕ್ಸ್ ಕನ್ಸೋಲ್‌ಗಳಲ್ಲಿ ವಿ-ಗೇನ್ ನಾಬ್, ಸಿಎಲ್‌ಎ-2ಎ ಮತ್ತು ಸಿಎಲ್‌ಎ-76 ಕಂಪ್ರೆಸರ್‌ಗಳಲ್ಲಿ 50, 60, ಆಫ್ ಅನ್ನೋ ಅನಲಾಗ್ ಸ್ವಿಚ್. ಎಲ್ಲ ಆಫ್ ಮಾಡಿ. ವಚನಕ್ಕೆ ಆ ಗದ್ದಲದಿಂದ ಸಿಗೋದು ಏನೂ ಇಲ್ಲ.

ಉತ್ತರ (ಹರಿಹರ)

ಹಾರ್ಮೋನಿಯಂ ಗುಂಯ್‌ಕಾರದ ಬಗ್ಗೆ. ಸೋಲೋದಲ್ಲಿ ಇಲ್ಲ, ಕೂಡಿದಾಗ ಮಾತ್ರ ಇದೆ ಎಂದಿರಲ್ಲ, ಅಲ್ಲೇ ಉತ್ತರ ಸಿಕ್ಕಿತು. ಅದು ಇಂಟರ್‌ಮಾಡ್ಯುಲೇಶನ್. ಅನಲಾಗ್ ಪ್ಲಗಿನ್ ಕುರಿತ ಸಲಹೆಗಳು ಬಹುತೇಕ ಡ್ರಮ್ಸ್, ಗಿಟಾರ್ ಇರುವ ಸಂಗೀತಕ್ಕೆ ಬರೆದವು. ನಿರಂತರ ಶ್ರುತಿಯ ಮೇಲೆ ನಿಲ್ಲುವ ನಮ್ಮ ಸಂಗೀತಕ್ಕೆ ಅವು ಹಾಗೇ ಹೊಂದುವುದಿಲ್ಲ.

ಒಂದೇ ಸ್ವರ ಸ್ಯಾಚುರೇಟ್ ಆದರೆ ಅದರ ಎರಡರಷ್ಟು, ಮೂರರಷ್ಟು ಹಾರ್ಮೋನಿಕ್ಸ್ ಹುಟ್ಟುತ್ತವೆ, ಕಿವಿಗೆ ಹಿತ. ಎರಡು ಸ್ವರ ಕೂಡಿ ಒಂದೇ ಸ್ಯಾಚುರೇಶನ್ ಒಳಗೆ ಹೋದರೆ ಅವುಗಳ ವ್ಯತ್ಯಾಸದ ಸ್ವರವೂ ಹುಟ್ಟುತ್ತದೆ. ಷಡ್ಜ 220 ಹರ್ಟ್ಜ್ ಇಟ್ಟುಕೊಳ್ಳಿ. ಗಾಯಕರು ಪಂಚಮದಲ್ಲಿ, ಅಂದರೆ 330ರಲ್ಲಿ ನಿಂತರೆ ವ್ಯತ್ಯಾಸ 110: ಕೆಳಗಿನ ಷಡ್ಜವೇ, ತೊಂದರೆ ಇಲ್ಲ. ಶುದ್ಧ ಗಾಂಧಾರ 275 ಆದರೆ ವ್ಯತ್ಯಾಸ 55, ಅದೂ ಷಡ್ಜವೇ. ಈಗ ಧೈವತಕ್ಕೆ ಹೋಗಲಿ, 366.7. ವ್ಯತ್ಯಾಸ 146.7. ಇದು ಮಧ್ಯಮ! ಹಾಡುತ್ತಿರುವುದು ಭೂಪಾಲಿಯಾದರೆ ರಾಗದಲ್ಲೇ ಇಲ್ಲದ ಸ್ವರವನ್ನು ನಿಮ್ಮ ಟೇಪ್ ಪ್ಲಗಿನ್ ಹಾಡುತ್ತಿದೆ. ಹಾರ್ಮೋನಿಯಂ ಸಮಪಾಲು ಶ್ರುತಿಯಲ್ಲಿದ್ದರೆ ಅದರ ಧೈವತ 370, ವ್ಯತ್ಯಾಸ 150. ಅಂದರೆ ಆ ಮಧ್ಯಮವೂ ಶ್ರುತಿ ಬಿಟ್ಟು ಏರಿದ ಮಧ್ಯಮ. ಗಾಯಕರು ಮೀಂಡ್ ಎಳೆದರೆ ಈ ಭೂತ ಸ್ವರ ಕೆಳಗೆ ತಾನೂ ಜಾರುತ್ತದೆ. ಗುಂಯ್ ಅನ್ನುವುದು ಅದೇ.

ಪರಿಹಾರ ಸರಳ. ಸ್ಯಾಚುರೇಶನ್ ಬೇಕಿದ್ದರೆ ಒಂಟಿ ಸ್ವರದ ಟ್ರ್ಯಾಕಿಗೆ ಕೊಡಿ: ಮುಖ್ಯ ಗಾಯನಕ್ಕೆ ಪ್ರತ್ಯೇಕ, ಡೊಳ್ಳಿಗೆ ಪ್ರತ್ಯೇಕ. ಹಾರ್ಮೋನಿಯಂ, ಶ್ರುತಿಪೆಟ್ಟಿಗೆ, ಸಹಗಾಯನದ ಬಸ್ಸಿಗೆ ಬೇಡವೇ ಬೇಡ. ಹಾರ್ಮೋನಿಯಂ ರೀಡಿನಲ್ಲಿ ಹಾರ್ಮೋನಿಕ್ಸ್ ಮೊದಲೇ ತುಂಬಿರುತ್ತವೆ. ಮಾಸ್ಟರಿನ ಟೇಪ್ ತೆಗೆಯಿರಿ, ಅಥವಾ ಅದಕ್ಕೆ ಹೋಗುವ ಲೆವೆಲ್ 6 ಡಿಬಿ ಇಳಿಸಿ ಔಟ್‌ಪುಟ್‌ನಲ್ಲಿ ಅಷ್ಟೇ ಎತ್ತಿ.

ತಾಳದ ಟ್ರ್ಯಾಕನ್ನೂ ನೋಡಿ. ಅಲ್ಲಿ ಏಲಿಯಾಸಿಂಗ್ ಇರುತ್ತದೆ. 48 ಕಿಲೋಹರ್ಟ್ಜ್‌ನಲ್ಲಿ 24ಕ್ಕಿಂತ ಮೇಲಿನದಕ್ಕೆ ಜಾಗವಿಲ್ಲ, ಮೇಲೆ ಹುಟ್ಟಿದ್ದು ಮಡಚಿಕೊಂಡು ಕೆಳಗೆ ಬರುತ್ತದೆ. 7 ಕಿಲೋಹರ್ಟ್ಜ್ ದನಿಯ ಐದನೇ ಹಾರ್ಮೋನಿಕ್ 35, ಅದು 13ಕ್ಕೆ ಬೀಳುತ್ತದೆ. ಆರನೆಯದು 6ಕ್ಕೆ. ಏಳನೆಯದು 49, ಅದು ನೇರ 1 ಕಿಲೋಹರ್ಟ್ಜ್‌ಗೆ, ಗಾಯನದ ನಡುಮಧ್ಯಕ್ಕೆ. ಪ್ಲಗಿನ್ ಕೊಳ್ಳುವ ಮೊದಲು ಇದನ್ನು ಪರೀಕ್ಷಿಸಬಹುದು: ಖಾಲಿ ಟ್ರ್ಯಾಕಿನಲ್ಲಿ ಜೆಎಸ್ ಟೋನ್ ಜನರೇಟರ್ 7000 ಹರ್ಟ್ಜ್‌ಗೆ, ಲೆವೆಲ್ −12ಕ್ಕೆ, ಆಮೇಲೆ ಪ್ಲಗಿನ್‌ನ ಡೆಮೊ, ಕೊನೆಗೆ ವಾಕ್ಸೆಂಗೋ ಸ್ಪ್ಯಾನ್ (ಫ್ರೀಕ್ವೆನ್ಸಿಗಳನ್ನು ಗೆರೆಯಾಗಿ ತೋರಿಸುವ ಮೀಟರ್). 7, 14, 21 ಬಿಟ್ಟು ಬೇರೆ ಗೆರೆ ಎದ್ದರೆ ಅದು ಮಡಚಿ ಬಂದದ್ದು. ಓವರ್‌ಸ್ಯಾಂಪ್ಲಿಂಗ್ (ಪ್ಲಗಿನ್ ಒಳಗೆ ಹೆಚ್ಚಿನ ಸ್ಯಾಂಪಲ್ ದರದಲ್ಲಿ ಲೆಕ್ಕ ಮಾಡುವುದು) 4 ಪಟ್ಟು ಹಾಕಿದಾಗ ಆ ಗೆರೆಗಳು ಮುಳುಗಿದರೆ ಪ್ಲಗಿನ್ ಚೆನ್ನಾಗಿದೆ. ಓವರ್‌ಸ್ಯಾಂಪ್ಲಿಂಗ್ ಸೌಲಭ್ಯವೂ ಇಲ್ಲ, ಗೆರೆಗಳೂ ಎದ್ದಿವೆ ಎಂದರೆ ತಾಳಕ್ಕೆ ಹಾಕಬೇಡಿ.

ಉತ್ತರ (ಹೊಳಲ್ಕೆರೆ)

ಕ್ರ್ಯಾಕಲ್ ಮಧ್ಯಾಹ್ನ ಮಾತ್ರ ಬರುತ್ತೆ ಅಂದರೆ ಬಿಸಿಲು ಕಾರಣ ಇರಬಹುದು. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ಪ್ರೊಸೆಸರ್ ಕಾದು ತಾನಾಗೇ ವೇಗ ಇಳಿಸಿಕೊಳ್ಳುತ್ತೆ. ಎಚ್‌ಡಬ್ಲ್ಯೂಇನ್ಫೋ (ಪ್ರೊಸೆಸರಿನ ಸ್ಥಿತಿ ತೋರಿಸೋ ಪ್ರೋಗ್ರಾಂ) ತೆರೆದಿಟ್ಟು ಥರ್ಮಲ್ ಥ್ರಾಟ್ಲಿಂಗ್ ಸಾಲು "ಯೆಸ್" ಆಗುತ್ತಾ ನೋಡಿ. ಹಾಗಾದರೆ ಲ್ಯಾಪ್‌ಟಾಪಿನ ಹಿಂಬದಿ ಎತ್ತರಿಸಿ, ಫ್ಯಾನ್ ಜಾಲರಿಯ ಧೂಳು ತೆಗೆಸಿ. ಕರೆಂಟ್ ಹೋಗಿ ಬ್ಯಾಟರಿ ಮೇಲೆ ಬಂದಾಗಲೂ ವೇಗ ಇಳಿಯುತ್ತೆ.

ರೀಪರಿನಲ್ಲಿ ಬಫರ್ 1024 ಇಡಿ, 48 ಕಿಲೋಹರ್ಟ್ಜ್‌ನಲ್ಲಿ 21.3 ಮಿಲಿಸೆಕೆಂಡ್, ಮಿಕ್ಸಿಗೆ ಅಡ್ಡಿಯಿಲ್ಲ. ರೆಕಾರ್ಡ್ ಆರ್ಮ್ ಆಗಿರುವ ಟ್ರ್ಯಾಕ್ ಇದ್ದರೆ ಆ ಆರ್ಮ್ ತೆಗೆಯಿರಿ, ಅವಕ್ಕೆ ಮುಂಗಡ ಎಫೆಕ್ಟ್ ಲೆಕ್ಕಾಚಾರ ನಡೆಯೋದಿಲ್ಲ. ಮಾಸ್ಟರಿನ ಭಾರ ಕಡಿಮೆ ಮಾಡಿ: ಒಂದರ ಹಿಂದೆ ಒಂದು ನಿಂತ ಪ್ಲಗಿನ್‌ಗಳನ್ನು ನಾಲ್ಕು ಕೋರಿಗೆ ಹಂಚೋಕೆ ಬರಲ್ಲ, ಒಂದೇ ಕೋರ್ ಹೊರಬೇಕು. ಒಟ್ಟು ಸಿಪಿಯು 40 ಶೇಕಡಾ ತೋರಿಸಿದರೂ ದನಿ ಒಡೆಯೋದು ಇದಕ್ಕೇ. ತೀರ್ಮಾನವಾದ ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡಿ, ಅಂದರೆ ಪ್ಲಗಿನ್ ಸಹಿತ ಆಡಿಯೋ ಆಗಿ ಬರೆದಿಡಿ.

ಈಗ ನಿಮ್ಮ ಮೂಲ ಪ್ರಶ್ನೆ. ಅಕುಸ್ಟಿಕಾ ಆಡಿಯೋದ ನೆಬ್ಯುಲಾ ವೋಲ್ಟೆರ್ರಾ ಸರಣಿ ಅನ್ನೋ ಗಣಿತದ ಮೇಲೆ ನಿಂತದ್ದು. ನಿಜವಾದ ಯಂತ್ರದ ಮೂಲಕ ಸಂಕೇತ ಕಳಿಸಿ, ಬೇರೆಬೇರೆ ಮಟ್ಟದಲ್ಲಿ ಅದರ ಉತ್ತರ ಹಿಡಿದಿಟ್ಟ ಲೈಬ್ರರಿ. ಈಕ್ಯೂ, ಪ್ರಿಆಂಪ್‌ಗೆ ಬಹಳ ಚೆನ್ನಾಗಿದೆ. ವೇಗವಾಗಿ ಬದಲಾಗುವ ಕಂಪ್ರೆಸರ್ ಹಿಡಿಯೋದು ಆ ವಿಧಾನಕ್ಕೆ ಕಷ್ಟ. 1176 ಕಂಪ್ರೆಸರಿನ ಅಟ್ಯಾಕ್ (ದನಿಯನ್ನು ಹಿಡಿಯೋಕೆ ತಗೊಳ್ಳೋ ಸಮಯ) 20ರಿಂದ 800 ಮೈಕ್ರೋಸೆಕೆಂಡ್, ಅಂಥದ್ದಕ್ಕೆ ಸರ್ಕ್ಯೂಟ್ ಮಾಡೆಲ್ ಪ್ಲಗಿನ್ನೇ ವಾಸಿ. ಸ್ಯಾಂಪಲ್ ಲೈಬ್ರರಿಗೆ ರ್ಯಾಮ್, ಸಿಪಿಯು ಎರಡೂ ಬೇಕು, ಲೇಟೆನ್ಸಿಯೂ (ದನಿ ತಡವಾಗೋದು) ಜಾಸ್ತಿ. ನಾಲ್ಕು ಕೋರಿನ ಯಂತ್ರದಲ್ಲಿ 28 ಟ್ರ್ಯಾಕಿಗೂ ಹಾಕೋ ಆಸೆ ಬೇಡ. ಮುಖ್ಯ ಗಾಯನಕ್ಕೆ ಒಂದು ಈಕ್ಯೂ ಹಾಕಿ, ರೆಂಡರ್ ಮಾಡಿ ಮುಂದಕ್ಕೆ ಹೋಗಬಹುದು.

ಪ್ರಶ್ನೆ ಕೇಳಿದವರು (ದಾವಣಗೆರೆ)

ಗೇನ್ ಸರಿ ಮಾಡಿ, ಗ್ರೂಪ್, ಮಾಸ್ಟರಿನ ಕನ್ಸೋಲ್ ಮತ್ತು ಟೇಪ್ ತೆಗೆದು, ನಾಯ್ಸ್ ಆಫ್ ಮಾಡಿದೆ. ಮಂಕು ಹೋಯಿತು, ಹಿಸ್ ಇಲ್ಲ, ಧೈವತದ ಗುಂಯ್‌ಕಾರವೂ ಇಲ್ಲ. ಥ್ರಾಟ್ಲಿಂಗ್ "ಯೆಸ್" ತೋರಿಸುತ್ತಿತ್ತು, ಧೂಳು ತೆಗೆಸಿದ ಮೇಲೆ ನಿಂತಿದೆ. ಡೊಳ್ಳು ಮಾತ್ರ ಇನ್ನೂ ತೆಳು. ಪ್ಯಾರಲಲ್ ಬಸ್ಸಿನಲ್ಲಿ ಮೊದಲು ಟ್ರಾನ್ಸ್‌ಫಾರ್ಮರ್ ಪ್ರಿಆಂಪ್, ಆಮೇಲೆ 1176 ಇದೆ. ರೀಪರ್ ಲೇಟೆನ್ಸಿ ಸರಿಹೊಂದಿಸುತ್ತದಲ್ಲವೇ?

ಉತ್ತರ (ಚಿತ್ರದುರ್ಗ)

ಸರಿಹೊಂದಿಸುತ್ತೆ, ಆದರೆ ಪ್ಲಗಿನ್ ತಾನೇ ಹೇಳಿಕೊಂಡ ಸ್ಯಾಂಪಲ್ ಲೆಕ್ಕವನ್ನು ಮಾತ್ರ. ಟ್ರಾನ್ಸ್‌ಫಾರ್ಮರ್ ಎಮ್ಯುಲೇಶನ್ ತಳದ ಫ್ರೀಕ್ವೆನ್ಸಿಗಳ ಫೇಸನ್ನು (ಅಲೆಯ ಏರಿಳಿತದ ಸ್ಥಾನ) ತಿರುಗಿಸುತ್ತೆ, ಅದು ಲೇಟೆನ್ಸಿಯ ಲೆಕ್ಕಕ್ಕೆ ಬರಲ್ಲ. ಡೊಳ್ಳಿನ ತಳ 80 ಹರ್ಟ್ಜ್ ಆಸುಪಾಸು ಇದ್ದರೆ ತಿರುಗಿದ್ದು, ತಿರುಗದ್ದು ಎರಡೂ ಕೂಡಿ ಅಲ್ಲೇ ಕಳೆದುಹೋಗುತ್ತೆ.

ಹೀಗೆ ನೋಡಿ: 1176ರ ಅಟ್ಯಾಕ್ ನಾಬನ್ನು ಆಫ್‌ಗೆ ತಿರುಗಿಸಿ, ಕಂಪ್ರೆಶನ್ ನಿಲ್ಲುತ್ತೆ. ಎರಡೂ ದಾರಿಯ ಲೆವೆಲ್ ಒಂದೇ ಮಾಡಿ, ಪ್ಯಾರಲಲ್ ಬಸ್ಸಿನ ಪೋಲಾರಿಟಿ ತಿರುಗಿಸಿ. ತಳದ ದನಿ ಮಾತ್ರ ಉಳಿದರೆ ಫೇಸ್ ತಿರುಗಿದೆ. ಮೇಲಿನವರೆಗೂ ಬಾಚಣಿಗೆ ಹಲ್ಲಿನಂತೆ ಸಾಲುಸಾಲು ಉಳಿದರೆ ಪ್ಲಗಿನ್ ಲೇಟೆನ್ಸಿಯನ್ನು ತಪ್ಪಾಗಿ ಹೇಳುತ್ತಿದೆ: 48 ಸ್ಯಾಂಪಲ್ ವ್ಯತ್ಯಾಸ ಅಂದರೆ 1 ಮಿಲಿಸೆಕೆಂಡ್, ಆಗ ಪೋಲಾರಿಟಿ ಸರಿ ಇದ್ದಾಗ 500, 1500, 2500 ಹರ್ಟ್ಜ್‌ನಲ್ಲಿ ಗುಂಡಿ ಬೀಳುತ್ತೆ. ಅದನ್ನು ಜೆಎಸ್ ಟೈಮ್ ಅಡ್ಜಸ್ಟ್‌ಮೆಂಟ್ ಡಿಲೇಯಲ್ಲಿ ಸ್ಯಾಂಪಲ್ ಲೆಕ್ಕದಲ್ಲಿ ಸರಿ ಮಾಡಿ. ಫೇಸ್ ತಿರುಗಿದ್ದರೆ ಪ್ರಿಆಂಪನ್ನು ಪ್ಯಾರಲಲ್ ಬಸ್ಸಿನಿಂದ ತೆಗೆದು ಡೊಳ್ಳಿನ ಮೂಲ ಟ್ರ್ಯಾಕಿಗೆ ಹಾಕಿ, ಅದರ ನಂತರದ ದನಿಯನ್ನು ಪ್ಯಾರಲಲ್ ಬಸ್ಸಿಗೆ ಸೆಂಡ್ ಮಾಡಿ. ಎರಡೂ ದಾರಿಗೆ ಒಂದೇ ಫೇಸ್ ಆಗುತ್ತೆ.

ಪೆಟ್ಟು ಮುಂದೆ ಬರಬೇಕಿದ್ದರೆ 1176 ಬೇಡ, ಅದರ ಅತಿ ನಿಧಾನದ ಅಟ್ಯಾಕ್ ಕೂಡ 0.8 ಮಿಲಿಸೆಕೆಂಡ್. ನಾಬ್ 7ರಲ್ಲಿ ಇದ್ದರೆ ವೇಗ, 1ರಲ್ಲಿ ನಿಧಾನ, ಉಲ್ಟಾ ಅನ್ನೋದು ನೆನಪಿರಲಿ. ಎಸ್‌ಎಸ್‌ಎಲ್ ಬಸ್ ಕಂಪ್ರೆಸರ್ ಮಾದರಿಯದ್ದು ಹಾಕಿ: ಅನುಪಾತ 4, ಅಟ್ಯಾಕ್ 30 ಮಿಲಿಸೆಕೆಂಡ್, ರಿಲೀಸ್ 0.1 ಸೆಕೆಂಡ್. ಉರುಮೆಗೆ ಮಾತ್ರ 1176 ಇರಲಿ, ಉಜ್ಜುವ ಹೂಂಕಾರ ಮೇಲೆ ಬರುತ್ತೆ. ಡೊಳ್ಳಿಗೆ ಸ್ವಲ್ಪ ಸ್ಯಾಚುರೇಶನ್ ಕೊಟ್ಟರೆ 160, 240, 320 ಹುಟ್ಟಿ ಮೊಬೈಲಿನಲ್ಲೂ, ದೇವಸ್ಥಾನದ ಹಾರ್ನ್‌ನಲ್ಲೂ ಡೊಳ್ಳು ಇದೆ ಅಂತ ಗೊತ್ತಾಗುತ್ತೆ.

ಉತ್ತರ (ಹರಿಹರ)

ಕೊಳ್ಳುವ ಮಾತು ಬಂದರೆ ಈ ಆಲ್ಬಮ್ಮನ್ನು ಉಚಿತದಲ್ಲೇ ಮುಗಿಸಬಹುದು. ಗಾಯನಕ್ಕೆ ಅನಲಾಗ್ ಅಬ್ಸೆಶನ್‌ನ ಲಾಲಾ, ಅದು ಎಲ್‌ಎ-2ಎ ಕಂಪ್ರೆಸರ್ ಮಾದರಿ. ನಿಧಾನ ರಿಲೀಸ್ ಇರುವುದರಿಂದ ದೀರ್ಘ ಸ್ವರಗಳಲ್ಲಿ ಪಂಪ್ ಆಗುವುದಿಲ್ಲ, 3 ಡಿಬಿ ಗೇನ್ ರಿಡಕ್ಷನ್ ಸಾಕು. ಉರುಮೆಗೆ ಅವರದ್ದೇ ಫೆಟಿಶ್ (1176 ಮಾದರಿ), ಡೊಳ್ಳಿಗೆ ಬಸ್ಟರ್ (ಎಸ್‌ಎಸ್‌ಎಲ್ ಬಸ್ ಕಂಪ್ರೆಸರ್ ಮಾದರಿ). ಹಾರ್ಮೋನಿಯಂಗೆ ಟಿಡಿಆರ್ ಸ್ಲಿಕ್ ಈಕ್ಯೂ, ಅದರ ಸ್ಯಾಚುರೇಶನ್ ಆಫ್ ಮಾಡಿ. ಟೇಪ್ ಬೇಕೆಂದರೆ ಡೊಳ್ಳಿಗೆ ಚೌ ಟೇಪ್ ಮಾಡೆಲ್.

ದುಡ್ಡು ಕೊಡುವುದಾದರೆ ಒಂದು ಕನ್ಸೋಲ್ ಚಾನಲ್ ಸ್ಟ್ರಿಪ್ ತಗೊಳ್ಳಿ, ಡೆಮೊ ನೋಡಿಯೇ. ಹೋಲಿಸುವಾಗ ಎರಡರ ಲೆವೆಲ್ 0.1 ಡಿಬಿಯೊಳಗೆ ಸಮ ಇರಬೇಕು, ಇಲ್ಲದಿದ್ದರೆ ಜೋರಿರುವುದೇ ಚೆನ್ನಾಗಿ ಕೇಳುತ್ತದೆ. ನವೆಂಬರ್ ಕೊನೆಯ ಸೇಲಿನಲ್ಲಿ ಬೆಲೆ ಬಹಳ ಇಳಿಯುತ್ತದೆ. ಚಂದಾ ರೂಪದ್ದಾದರೆ ಚಂದಾ ನಿಂತ ದಿನ ಹಳೆಯ ಸೆಷನ್ ತೆರೆದರೂ ಆ ಪ್ಲಗಿನ್ ಕೆಲಸ ಮಾಡುವುದಿಲ್ಲ. ಆದ್ದರಿಂದ ಮಿಕ್ಸ್ ಮುಗಿದ ಕೂಡಲೇ ಪ್ರತಿ ಟ್ರ್ಯಾಕಿನದ್ದೂ ಎರಡೆರಡು ಸ್ಟೆಮ್ (ಪ್ರತ್ಯೇಕ ಆಡಿಯೋ ಫೈಲ್) ತೆಗೆದಿಡಿ, ಪ್ಲಗಿನ್ ಸಹಿತ ಒಂದು, ರಹಿತ ಒಂದು, 48 ಕಿಲೋಹರ್ಟ್ಜ್, 24 ಬಿಟ್, ಎಲ್ಲವೂ ಒಂದೇ ಆರಂಭಬಿಂದುವಿನಿಂದ.