ಸರ್ ಹಂಫ್ರಿ ಖಳನಾಯಕನಾ?

ಹಳೇಟೀವಿ:
ಹೋದ ತಿಂಗಳು ಬ್ರಿಟನ್ನಿನ ಬಿಬಿಸಿ ಟೀವಿಯ ಹಳೆಯ ಹಾಸ್ಯ ಧಾರಾವಾಹಿ ‘ಯೆಸ್ ಮಿನಿಸ್ಟರ್’, ಅದರ ಮುಂದುವರಿಕೆ ‘ಯೆಸ್ ಪ್ರೈಮ್ ಮಿನಿಸ್ಟರ್’ ಎರಡನ್ನೂ ಮತ್ತೆ ಪೂರ್ತಿ ನೋಡಿದೆ. ಒಟ್ಟು 38 ಕಂತು. ಮೊದಲ ಸಲ ನೋಡಿದ್ದು ಕಾಲೇಜಿನಲ್ಲಿದ್ದಾಗ, ಮಾವ ಲಂಡನ್ನಿಂದ ತಂದಿದ್ದ ಕ್ಯಾಸೆಟ್‌ಗಳಲ್ಲಿ. ಆಗ ಇಲಾಖೆಯ ಹಿರಿಯ ಅಧಿಕಾರಿ ಸರ್ ಹಂಫ್ರಿ ಆಪಲ್‌ಬಿ ಬಾಯಿ ತೆರೆದರೆ ಸಾಕು, ನಗು ಬರುತ್ತಿತ್ತು. ಒಂದೇ ಉಸಿರಿಗೆ ಅರ್ಧ ಪುಟದಷ್ಟು ಉದ್ದದ ಮಾತು, ಅದು ಮುಗಿಯುವ ಹೊತ್ತಿಗೆ ತಾನು ಕೇಳಿದ್ದಕ್ಕೆ ಹೌದು ಅಂದರೋ ಇಲ್ಲ ಅಂದರೋ ಅಂತ ಮಂತ್ರಿ ಜಿಮ್ ಹ್ಯಾಕರ್‌ಗೆ ಗೊತ್ತಾಗುತ್ತಿರಲಿಲ್ಲ. ಈ ಸಲ ಬೇರೆ ಥರ ಕಂಡಿತು. ಹ್ಯಾಕರ್‌ಗೆ ನಾಳೆ ಬೆಳಗಿನ ಪೇಪರಿನದೇ ಚಿಂತೆ. ಹಂಫ್ರಿಗೆ ಇಲಾಖೆ ಹತ್ತು ವರ್ಷ ಆದಮೇಲೂ ನಡೆಯಬೇಕು. ಅವರನ್ನು ಖಳನಾಯಕ ಅನ್ನೋಕೆ ನನಗೆ ಮನಸ್ಸಿಲ್ಲ. ನೀವೇನಂತೀರಿ?

ಲೀಡ್ಸ್ ಕನ್ನಡತಿ:
ನಾನು ಒಪ್ಪಲ್ಲ. 1981ರ ಆಸ್ಪತ್ರೆ ಕಂತು ನೆನಪಿದೆಯಾ? ಹೊಸ ಆಸ್ಪತ್ರೆ, ಆಡಳಿತಕ್ಕೂ ಇತರ ಕೆಲಸಕ್ಕೂ 500 ಜನ, ಆದರೆ ಒಬ್ಬ ರೋಗಿಯೂ ಇಲ್ಲ. ಹಂಫ್ರಿ ಅದನ್ನು ಚೆನ್ನಾಗಿ ನಡೆಯುತ್ತಿರುವ ಆಸ್ಪತ್ರೆ ಅಂತ ಸಮರ್ಥಿಸುತ್ತಾರೆ! ನಾನು ಇಲ್ಲಿ ನರ್ಸ್. ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಜನ ಸಾಲದೆ ಮೂವತ್ತು ರೋಗಿಗಳನ್ನು ಇಬ್ಬರೇ ನೋಡಿಕೊಂಡಿದ್ದೇವೆ, ಮಾರನೆ ದಿನ ಬೆಳಿಗ್ಗೆ ಮೊದಲು ಕೇಳಿದ್ದು ಫಾರಂ ತುಂಬಿದ್ದೀರಾ ಅಂತ. ಅದಕ್ಕೇ ಆ ಕಂತು ನೋಡಿದರೆ ನನಗೆ ನಗುವಿಗಿಂತ ಸಂಕಟ ಜಾಸ್ತಿ. ಹಂಫ್ರಿ ಅಲ್ಲಿ ಸುಳ್ಳು ಹೇಳುತ್ತಿಲ್ಲ. ನಿಜವಾಗಿಯೂ ಹಾಗೇ ನಂಬಿದ್ದಾರೆ. ಸುಳ್ಳು ಹೇಳಿದ್ದರೆ ವಾಸಿಯಿತ್ತು.

ನಿವೃತ್ತ ಗುಮಾಸ್ತ:
34 ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ಮಂಡಿಸಿದವನು ನಾನು. ‘ಪರಿಶೀಲನೆಯಲ್ಲಿದೆ’ ಅಂತ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ನೀವಿಬ್ಬರೂ ಮಂತ್ರಿಯ ಆಪ್ತ ಕಾರ್ಯದರ್ಶಿ ಬರ್ನಾರ್ಡ್ ವೂಲಿಯನ್ನು ಮರೆತಿರಿ. ದಿನವಿಡೀ ಕೆಲಸ ಮಾಡುವುದು ಮಂತ್ರಿಗೆ, ಬಡ್ತಿ ಇರುವುದು ಹಂಫ್ರಿ ಕೈಯಲ್ಲಿ. ಇಬ್ಬರು ಸಾಹೇಬರ ನಡುವೆ ನಿಂತವನಿಗೆ ಮಾತ್ರ ಆ ಮುಖ ಅರ್ಥವಾಗುತ್ತದೆ. ಮೊದಲ ಕಂತಿನಲ್ಲೇ ನೋಡಿ, ಹ್ಯಾಕರ್ ಕುರ್ಚಿ ಬಗ್ಗೆ ಕೇಳಿದಾಗ ಆತ ಹೇಳುತ್ತಾನೆ: ಮಂತ್ರಿಗಳಲ್ಲಿ ಎರಡು ಜಾತಿ, ಕುರ್ಚಿಗಳಲ್ಲೂ ಎರಡು ಜಾತಿ, ಒಂದು ತಕ್ಷಣ ಮಡಚಿಕೊಳ್ಳುತ್ತದೆ, ಇನ್ನೊಂದು ಸುತ್ತುತ್ತಲೇ ಇರುತ್ತದೆ. ಆ ಪಾತ್ರ ಮಾಡಿದ ಡೆರೆಕ್ ಫೌಲ್ಡ್ಸ್ ಅದನ್ನು ಎಷ್ಟು ವಿನಯದಿಂದ ಹೇಳುತ್ತಾರೆ! 2020ರಲ್ಲಿ ಅವರು ತೀರಿಕೊಂಡರು. ಹ್ಯಾಕರ್ ಪಾತ್ರದ ಪಾಲ್ ಎಡಿಂಗ್ಟನ್ 1995ರಲ್ಲಿ, ಹಂಫ್ರಿ ಪಾತ್ರದ ನೈಜೆಲ್ ಹಾಥಾರ್ನ್ 2001ರಲ್ಲಿ ಹೋಗಿದ್ದರು. ಮೂವರೂ ಇಲ್ಲ ಅಂದಾಗ ಮನೆಯವರನ್ನೇ ಕಳೆದುಕೊಂಡ ಹಾಗಾಯಿತು.

ಮಳೆಹುಡುಗ:
ನಾನು ಚಿಕ್ಕವನು, ಮೊಬೈಲಿನಲ್ಲಿ ಒಂದು ತುಣುಕು ನೋಡಿ ಇದಕ್ಕೆ ಬಂದವನು. ಜನಾಭಿಪ್ರಾಯ ಸಮೀಕ್ಷೆಯದು. ಹಂಫ್ರಿ ಯುವಕರ ಅಪರಾಧ ಹೆಚ್ಚುತ್ತಿದೆ ಅನ್ನಿಸುತ್ತದಾ, ಶಿಸ್ತು ಬೇಕಾ ಅಂತ ಕೇಳುತ್ತಾ ಹೋದರೆ ಬರ್ನಾರ್ಡ್ ಕಡ್ಡಾಯ ಸೈನಿಕ ಸೇವೆಗೆ ಹೂಂ ಅನ್ನುತ್ತಾನೆ. ಯುದ್ಧದ ಭಯ, ಒತ್ತಾಯದಿಂದ ಬಂದೂಕು ಹಿಡಿಸುವುದು ಅಂತ ಕೇಳಿದರೆ ಅದೇ ಸೇವೆ ಬೇಡ ಅನ್ನುತ್ತಾನೆ. ಎರಡು ನಿಮಿಷದಲ್ಲಿ ಅಷ್ಟು ದೊಡ್ಡ ವಿಷಯ. ಆದರೆ ಒಂದು ಅನುಮಾನ. ಎಲ್ಲ ಮಂತ್ರಿಗಳೂ ಅಂಜುಬುರುಕರು, ಎಲ್ಲ ಅಧಿಕಾರಿಗಳೂ ಸ್ವಾರ್ಥಿಗಳು ಅಂತ ತೋರಿಸಿದರೆ ನೋಡುವವರಿಗೆ ಸರ್ಕಾರದ ಮೇಲೆ ನಂಬಿಕೆಯೇ ಹೋಗಲ್ವಾ? ಬರೆದ ಇಬ್ಬರಲ್ಲಿ ಆಂಟನಿ ಜೇ ಅವರ ಒಲವೂ ಸರ್ಕಾರ ಚಿಕ್ಕದಿರಬೇಕು ಅನ್ನುವ ಕಡೆಗೇ ಇತ್ತು. ಆಗಿನ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್‌ಗೆ ಇದು ಅಚ್ಚುಮೆಚ್ಚು ಬೇರೆ.

ಹಳೇಟೀವಿ:
ಥ್ಯಾಚರ್‌ಗೆ ಇಷ್ಟ ಇದ್ದದ್ದು ನಿಜ. 1984ರಲ್ಲಿ ಎಡಿಂಗ್ಟನ್, ಹಾಥಾರ್ನ್ ಜೊತೆ ವೇದಿಕೆಯಲ್ಲಿ ಒಂದು ಪ್ರಹಸನವನ್ನೂ ಆಡಿದರು. ಆದರೆ ಹ್ಯಾಕರ್ ಯಾವ ಪಕ್ಷ ಅಂತ ಕೊನೆವರೆಗೂ ಹೇಳಲೇ ಇಲ್ಲ. ಮೊದಲ ಕಂತಿನ ಚಿತ್ರೀಕರಣ ಮುಗಿದಿದ್ದರೂ 1979ರ ಚುನಾವಣೆ ಕಳೆಯಲಿ ಅಂತ ಬಿಬಿಸಿ ಕಾದು 1980ರ ಫೆಬ್ರವರಿಯಲ್ಲಿ ಪ್ರಸಾರ ಮಾಡಿತು. ನನಗಂತೂ ಅದನ್ನು ನೋಡಿ ನಂಬಿಕೆ ಹೋಗಲಿಲ್ಲ. ಪ್ರಶ್ನೆ ಕೇಳುವುದು ಕಲಿತೆ.

ಲೀಡ್ಸ್ ಕನ್ನಡತಿ:
ಮಳೆಹುಡುಗ ಹೇಳಿದ್ದರಲ್ಲಿ ಸ್ವಲ್ಪ ಸತ್ಯ ಇದೆ. ನನ್ನ ಜೊತೆ ಕೆಲಸ ಮಾಡುವವರೇ ಎಷ್ಟೋ ಜನ ‘ಎಲ್ಲಾ ಹಂಫ್ರಿಗಳೇ’ ಅಂತ ಕೈಚೆಲ್ಲುತ್ತಾರೆ. ಆದರೂ ಈ ಧಾರಾವಾಹಿಯನ್ನು ಬಿಟ್ಟುಕೊಡೋಕೆ ನನ್ನಿಂದ ಆಗಲ್ಲ, ಪಾಲ್ ಎಡಿಂಗ್ಟನ್‌ಗಾಗಿ. ಹಾಥಾರ್ನ್‌ಗೆ ಈ ಪಾತ್ರಕ್ಕೆ ನಾಲ್ಕು ಬಾಫ್ಟಾ (ಬ್ರಿಟನ್ನಿನ ಸಿನಿಮಾ, ಟೀವಿ ಪ್ರಶಸ್ತಿ) ಬಂತು, ಎಡಿಂಗ್ಟನ್‌ಗೆ ಒಂದೂ ಇಲ್ಲ. ಅದು ಅನ್ಯಾಯ. ಹ್ಯಾಕರ್‌ಗೆ ದೇಶ ಉಳಿಸುವ ಹುಮ್ಮಸ್ಸು ಬಂದಾಗ ದನಿ ಚರ್ಚಿಲ್ ಥರ ಆಗುತ್ತದಲ್ಲ, ಮರುಕ್ಷಣ ಓಟು ಕಳೆದುಹೋಗುತ್ತದೆ ಅಂತ ಗೊತ್ತಾದಾಗ ಮುಖ ಬಾಡುತ್ತದಲ್ಲ, ಆ ಇಳಿಯುವಿಕೆಯನ್ನು ಮಾತೇ ಇಲ್ಲದೆ ತೋರಿಸುವುದು ಸುಮ್ನೆ ಅಲ್ಲ. ಹಂಫ್ರಿ ಮಾತಿಗೆ ನಗು ಬರುವುದೇ ಎದುರಿಗೆ ಆ ಮುಖ ಇರುವುದರಿಂದ.

ನಿವೃತ್ತ ಗುಮಾಸ್ತ:
ನೂರಕ್ಕೆ ನೂರು ಸರಿ, ತಾಯಿ. 2001ರಲ್ಲಿ ಹಿಂದಿಯಲ್ಲಿ ‘ಜೀ ಮಂತ್ರೀಜೀ’ ಅಂತ ಬಂತಲ್ಲ, ಫಾರೂಕ್ ಶೇಖ್ ಮಂತ್ರಿ. ಒಳ್ಳೆಯ ನಟ, ಮನಸ್ಸಿಟ್ಟು ಮಾಡಿದ್ದರು. ಆದರೂ ನನ್ನ ಕಣ್ಣು ಎಡಿಂಗ್ಟನ್ನರನ್ನೇ ಹುಡುಕುತ್ತಿತ್ತು.

ಮಳೆಹುಡುಗ:
ಸರಿ, ಅಮ್ಮನಿಗೆ ತೋರಿಸಬೇಕು. ಪಂಚಾಯಿತಿ ಸದಸ್ಯೆ ಆಗಿದ್ದವರು, ಇಂಗ್ಲಿಷ್ ಅಷ್ಟಕ್ಕಷ್ಟೆ. ಯಾವುದರಿಂದ ಶುರು ಮಾಡಲಿ?

ಲೀಡ್ಸ್ ಕನ್ನಡತಿ:
ಆಸ್ಪತ್ರೆ ಕಂತು. ಎರಡನೇ ಸರಣಿಯ ಮೊದಲನೆಯದು. ಹಂಫ್ರಿಯ ಉದ್ದ ಮಾತು ಬಂದಾಗ ನಿಲ್ಲಿಸಿ ಕನ್ನಡದಲ್ಲಿ ಹೇಳಿ, ಆ ಖಾಲಿ ವಾರ್ಡುಗಳಿಗೆ ಅನುವಾದ ಬೇಕಾಗಲ್ಲ. ನೋಡಿ ಅಮ್ಮ ಏನಂದರು ಅಂತ ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.